ನಮ್ಮ ಕುರ್ಚಿಗೆ ಬಂದ ಹೊಸಬಳು

ಜೂನ್ ೪

ದೊಡ್ಡಮ್ಮಾ,

ಸೋದರತ್ತೆಯ ಊರಿಗೆ ಬಂದು ತಲುಪಿದ್ದೇನೆ. ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೇನು ಬಂತು ಅಂತ ಬೈಯಬೇಡ. ಮೂರು ತಿಂಗಳು ಫೋನನ್ನು ಕಿವಿಯ ಹತ್ತಿರ ತರಬೇಡಿ ಅಂತ ಡಾಕ್ಟರು ಹೇಳಿದ್ದು ನಿನ್ನೆದುರಿಗೇ. ಆಗ ನಾನು ಸುಮ್ಮನೆ ತಲೆಯಾಡಿಸಿದ್ದೆ. ನಿನ್ನೆ ಅತ್ತೆ ಮನೆಯ ಫೋನ್ ಬಡಿದುಕೊಂಡಾಗ ಕೈ ಕೇಳಬೇಕಲ್ಲ, ಎತ್ತಿಬಿಟ್ಟೆ. "ಆಂಬುಲೆನ್ಸ್ ಸೇವೆ, ಎಲ್ಲಿಂದ ಮಾತಾಡ್ತಿದ್ದೀರಿ?" ಅಂತ ಬಾಯಿ ತಾನಾಗಿಯೇ ಹೇಳಿತು. ಆ ಕಡೆ ಇದ್ದದ್ದು ಅತ್ತೆಯ ಗೆಳತಿ. "ಅಯ್ಯಯ್ಯೋ, ಅವಳಿಗೇನಾಯ್ತು?" ಅಂತ ಕಿರುಚಿ, ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿ ಬಂದರು. ಅತ್ತೆ ಒಳಗೆ ಆರಾಮಾಗಿ ಬಟ್ಟೆ ಮಡಚುತ್ತಾ ಕೂತಿದ್ದರು! ಈಗ ಆ ಫೋನ್ ಮೇಲೆ ಒಂದು ಟವೆಲ್ ಹೊದಿಸಿ ಇಟ್ಟಿದ್ದಾರೆ.

ನಗು ಬರುತ್ತದೆ, ಆಮೇಲೆ ನಾಚಿಕೆಯಾಗುತ್ತದೆ. ಆವತ್ತು ನೀನು ಪಾಳಿ ಮುಗಿಸಿ ಎದ್ದ ಕುರ್ಚಿಯಲ್ಲಿ ಕೂತೆ, ಹೆಡ್‌ಫೋನ್ ಹಾಕಿಕೊಂಡೆ, ಮೊದಲ ಕರೆ ಬಂತು, ನನ್ನ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ. ಆ ಮನುಷ್ಯ "ಹಲೋ, ಹಲೋ" ಅಂತ ಗೋಳಾಡುತ್ತಿದ್ದ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿದ್ದ ನೀನು ವಾಪಸ್ ಬಂದು ನನ್ನ ತಲೆಯಿಂದ ಅದನ್ನು ಕಿತ್ತುಕೊಂಡೆಯಲ್ಲ, ಇಲ್ಲದಿದ್ದರೆ ಏನಾಗುತ್ತಿತ್ತೋ. ಅದನ್ನು ನೆನೆಸಿಕೊಂಡರೆ ಈಗಲೂ ಅನ್ನ ಇಳಿಯುವುದಿಲ್ಲ.

ಇನ್ನೊಂದು ವಿಷಯ. ನನ್ನ ಜಾಗಕ್ಕೆ ಬೇರೆಯವರು ಸಿಗುವ ತನಕ ರಜೆ ಇಲ್ಲ ಅಂದಿದ್ದ ಸಾಹೇಬರು ಮಾರನೆಯ ದಿನವೇ ಹೂಂ ಅಂದರಲ್ಲ, ಅದು ಹೇಗೆ? ಯಾರನ್ನು ಹಾಕಿದ್ದಾರೆ? ನಮ್ಮ ಕುರ್ಚಿಯ ಎಡಗೈ ಅಲುಗಾಡುತ್ತದೆ ಅಂತ ಅವರಿಗೆ ಹೇಳು.

ನಿನ್ನ,
ಗಿಣಿ


ಜೂನ್ ೧೫

ಗಿಣೀ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ನಮ್ಮ ಮನೆಯವರು ಅಂಚೆ ಪೆಟ್ಟಿಗೆ ಇನ್ನೂ ಇದೆಯಾ ಅಂತ ಕೇಳಿದರು. ಇದೆಯಂತೆ, ನಮ್ಮ ಬೀದಿಯ ತುದಿಯಲ್ಲೇ.

ಮೊದಲು ಒಂದು ಬುದ್ಧಿ ಹೇಳುತ್ತೇನೆ, ಕೇಳು. ಮೂರು ಹೊತ್ತು ಉಣ್ಣು. ಇಡೀ ಆಫೀಸು ನನ್ನನ್ನು ದೊಡ್ಡಮ್ಮ ಅಂತ ಕರೆದು ಮುದುಕಿ ಮಾಡಿದ್ದೀರಲ್ಲ, ಆ ಹಕ್ಕಿನಿಂದ ಹೇಳುತ್ತಿದ್ದೇನೆ. ನಿನಗಿಂತ ನಾಲ್ಕೇ ವರ್ಷ ದೊಡ್ಡವಳು ನಾನು, ನೆನಪಿರಲಿ.

ಹೌದು, ಹೊಸಬಳು ಬಂದಿದ್ದಾಳೆ. ಎರಡು ಗಂಟೆಗೆ ನನ್ನ ಪಾಳಿ ಮುಗಿಯಿತೋ ಇಲ್ಲವೋ, ಕುರ್ಚಿ ಆರುವುದಕ್ಕೂ ಬಿಡುವುದಿಲ್ಲ. ವಯಸ್ಸು ಹೆಚ್ಚುಕಡಿಮೆ ನನ್ನದೇ. ಮಾತು ಕಡಿಮೆ, ಹೊಟ್ಟೆ ದೊಡ್ಡದು, ದಿನಾ ಎರಡೆರಡು ಡಬ್ಬಿ ತರುತ್ತಾಳೆ. ಕೆಲಸ ಬಲ್ಲವಳೇ. ನಿನ್ನ ಹಾಗೆ ವಿಳಾಸವನ್ನು ಗಿಣಿಯಂತೆ ಎರಡೆರಡು ಸಲ ಒಪ್ಪಿಸುವುದಿಲ್ಲ, ಒಂದೇ ಸಲ ಕೇಳಿ ಬರೆದುಕೊಳ್ಳುತ್ತಾಳೆ. ಆದ್ದರಿಂದ ನೀನಿಲ್ಲದೆ ಇಲ್ಲಿ ಆಕಾಶವೇನೂ ಕಳಚಿ ಬಿದ್ದಿಲ್ಲ. ಸುಮ್ಮನೆ ಮಲಗಿ ಎದ್ದು ಆರಾಮಾಗಿರು.

ದೊಡ್ಡಮ್ಮ


ಜೂನ್ ೨೪

ದೊಡ್ಡಮ್ಮಾ,

ನಿನ್ನ ಕಾಗದ ಓದಿ ಎದೆಯ ಮೇಲಿನ ಕಲ್ಲು ಇಳಿಯಿತು. ಹೊಸಬಳಿಗೆ ನನ್ನ ನಮಸ್ಕಾರ ಹೇಳು. ಅವಳು ಯಾರೇ ಇರಲಿ, ಅವಳ ಹೊಟ್ಟೆ ತಣ್ಣಗಿರಲಿ.

ಈಗ ನಿನಗೆ ಹೇಳದೆ ಇರಲಾರದ ಒಂದು ವಿಷಯ. ನಾನು ಸಿನಿಮಾ ನೋಡುತ್ತಿದ್ದೇನೆ. ಅದೂ ಎಂಥದ್ದು, ಬರೀ ಪ್ರೇಮಕಥೆ! ಇದೆಲ್ಲ ಅತ್ತೆಯ ಕೆಲಸ. ಗಂಡ ತೀರಿಕೊಂಡ ಮೇಲೆ, ಔಷಧಿ ಅಂಗಡಿಯ ಕೆಲಸದಿಂದ ನಿವೃತ್ತಿಯಾದ ಮೇಲೆ ಅವರಿಗೆ ಹಿಡಿದ ಹುಚ್ಚು ಇದೊಂದೇ. ಇಲ್ಲೊಂದು ಹಳೆಯ ಟಾಕೀಸು ಇದೆ, ಕುರ್ಚಿಗಳು ಕೂತರೆ ಅಳುತ್ತವೆ. ಅದರಲ್ಲಿ ಹಳೆಯ ಪ್ರೇಮದ ಚಿತ್ರಗಳನ್ನೇ ಹಾಕುತ್ತಾರೆ, ಎರಡೂವರೆಯ ಆಟ. ಅತ್ತೆ ಪರದೆಯ ಜೊತೆ ಜಗಳ ಆಡುತ್ತಾರೆ. "ಎದುರಿಗೇ ನಿಂತಿದ್ದಾಳೆ ಕಣೋ, ಕಣ್ಣು ಎಲ್ಲಿ ಅಡವಿಟ್ಟಿದ್ದೀಯಾ?" ಅಂತ ನಾಯಕನಿಗೆ ಬೈದರು ನಿನ್ನೆ. ಹಿಂದಿನ ಸಾಲಿನ ಗಂಡಸೊಬ್ಬರು, "ಹೇಳಿ ಅಮ್ಮಾ, ಚೆನ್ನಾಗಿ ಹೇಳಿ" ಅಂತ ಕುಮ್ಮಕ್ಕು ಬೇರೆ.

ನನ್ನ ಮಾನ ಹೋಗಿದ್ದು ಮೊದಲ ದಿನವೇ. ಚಿತ್ರದಲ್ಲಿ ಲಿಫ್ಟ್ ರಿಪೇರಿ ಮಾಡುವ ಹುಡುಗ, ಏಳನೇ ಮಹಡಿಯ ಹುಡುಗಿ, ಅವಳಿಗೆ ಲಿಫ್ಟ್ ಅಂದರೆ ಭಯ. ಕೊನೆಗೆ ಒಳಗೆ ಸಿಕ್ಕಿಹಾಕಿಕೊಂಡು ಮೂರ್ಛೆ ಹೋದಳು. ನಾನು ಸೀಟಿನಿಂದ ಅರ್ಧ ಎದ್ದು, "ಉಸಿರಾಡ್ತಿದ್ದಾರಾ ನೋಡಿ, ವಿಳಾಸ ಹೇಳಿ!" ಅಂತ ಕೂಗಿಬಿಟ್ಟೆ. ಟಾಕೀಸಿಗೆ ಟಾಕೀಸೇ ನಕ್ಕಿತು. ಅತ್ತೆ ನನ್ನ ಕೈ ಹಿಡಿದು ಕೂರಿಸಿ, "ಏನೂ ಆಗಲ್ಲ ಕೂತ್ಕೋ, ಇನ್ನೂ ಹಾಡು ಬಾಕಿ ಇದೆ" ಅಂದರು.

ಹಾಡು ಬಾಕಿ ಇತ್ತು, ಅವಳು ಬದುಕಿದಳು, ಇಬ್ಬರೂ ಒಂದಾದರು. ನಾನು ಗೊಳೋ ಅಂತ ಅತ್ತುಬಿಟ್ಟೆ. ಯಾಕೆ ಗೊತ್ತಾ? ಕೊನೆ ತೋರಿಸಿದರು ಅಂತ. ನಮ್ಮ ಕೆಲಸದಲ್ಲಿ ಕೊನೆ ಎಲ್ಲಿದೆ ಹೇಳು? ಗಾಡಿ ಮನೆ ಬಾಗಿಲಿಗೆ ಬಂತು ಅಂದ ಕೂಡಲೇ ಲೈನ್ ಕತ್ತರಿಸಬೇಕು, ಮುಂದಿನದು ಎತ್ತಬೇಕು. ಉಳಿದರಾ, ಹೋದರಾ, ಯಾರು ಹೇಳುತ್ತಾರೆ? ಇಷ್ಟು ವರ್ಷದಲ್ಲಿ ನನ್ನ ಕಿವಿಯಲ್ಲಿ ಅರ್ಧಕ್ಕೇ ನಿಂತ ಮನೆಗಳು ಎಷ್ಟಿವೆಯೋ.

ಎರಡೂವರೆ ಅಂದರೆ ನಾನು ಕುರ್ಚಿಯಲ್ಲಿ ಇರಬೇಕಾದ ಹೊತ್ತು. ಪರದೆಯ ಮೇಲೆ ಯಾರೋ ಹಾಡುತ್ತಾರೆ, ನಾನು ಬಾಯಿಬಿಟ್ಟುಕೊಂಡು ನಗುತ್ತೇನೆ, ಇದ್ದಕ್ಕಿದ್ದ ಹಾಗೆ ಆ ಕಿಟಕಿಯಿಲ್ಲದ ಕೋಣೆ ನೆನಪಾಗಿ ಕಳ್ಳಿಯ ಹಾಗೆ ಅನ್ನಿಸುತ್ತದೆ. ಇದು ತಪ್ಪಾ, ದೊಡ್ಡಮ್ಮಾ? ನೀನು ತಪ್ಪಲ್ಲ ಅಂತ ಬರೆದರೆ ನಂಬುತ್ತೇನೆ.

ಗಿಣಿ


ಜುಲೈ ೯

ಗಿಣೀ,

ತಪ್ಪಲ್ಲ. ನೋಡು.

ಲಿಫ್ಟಿನ ಕಥೆಯನ್ನು ನಮ್ಮ ಮನೆಯವರಿಗೆ ಹೇಳಿದೆ. ಮೊದಲು ಅವನು ಲಿಫ್ಟನ್ನು ನೆಟ್ಟಗೆ ರಿಪೇರಿ ಮಾಡಬಾರದಿತ್ತಾ ಅಂದರು. ಅವರ ತಲೆಗೆ ಹೋಗುವುದು ಅಷ್ಟೇ.

ಇಲ್ಲಿ ವಿಶೇಷವೇನಿಲ್ಲ. ಹೊಸಬಳು ಸ್ವಲ್ಪ ಸೊರಗಿದ್ದಾಳೆ. ಮನೆಗೆ ಹೋಗಿ ಗಂಡನ ಹತ್ತಿರವೂ ಮಾತಾಡುವುದಿಲ್ಲವಂತೆ, ಅವನು ಏನಾದರೂ ಕೇಳಿದರೆ ಮುಖ ನೋಡಿಕೊಂಡು ಕೂರುತ್ತಾಳಂತೆ. ನಿದ್ದೆಯಲ್ಲಿ, "ಗಾಡಿ ಹೊರಟಿದೆ, ಗಾಬರಿ ಆಗಬೇಡಿ" ಅಂತ ಕನವರಿಸುತ್ತಾಳಂತೆ. ಮೊನ್ನೆ ಅನ್ನಕ್ಕೆ ಉಪ್ಪು ಹಾಕುವ ಬದಲು ಉಪ್ಪಿನ ಡಬ್ಬಿಯನ್ನೇ ತೊಳೆದು ಇಟ್ಟಳಂತೆ. ಇಂಥವರಿಗೆ ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ. ನಿನಗೆ ಅನುಭವ ಇದೆಯಲ್ಲ, ಏನಾದರೂ ಇದ್ದರೆ ಬರಿ.

ದೊಡ್ಡಮ್ಮ


ಜುಲೈ ೧೬

ದೊಡ್ಡಮ್ಮಾ,

ಒಂದೂವರೆ ತಿಂಗಳಿಗೇ ಸೊರಗಿದಳಾ? ಸರಿಹೋಯಿತು! ನಾವು ಇಷ್ಟು ವರ್ಷ ಮಾಡಲಿಲ್ಲವಾ? ನೀನಂತೂ ಬಂಡೆ, ಒಂದು ದಿನ ಮುಖ ಬಾಡಿದ್ದು ನಾನು ನೋಡಿಲ್ಲ. ನಿನ್ನ ಪಕ್ಕದಲ್ಲಿ ಒಂದು ಗಂಟೆ ಕೂರಿಸಿಕೋ, ತಾನೇ ಗಟ್ಟಿಯಾಗುತ್ತಾಳೆ.

ಇಲ್ಲವಾದರೆ ನನ್ನ ಔಷಧಿ ಕೊಡು. ಒಂದು ಪ್ರೇಮದ ಸಿನಿಮಾಕ್ಕೆ ಕಳಿಸು. ಅದಕ್ಕೂ ಪುರುಸೊತ್ತಿಲ್ಲ ಅಂದರೆ ಹೀಗೆ ಹೇಳು: ಒಂದೇ ಒಂದು ಸಲ ಗಾಡಿ ಬಂದ ಮೇಲೂ ಲೈನ್ ಕತ್ತರಿಸಬೇಡ, ಕೊನೆ ಏನಾಯಿತು ಅಂತ ಕೇಳಿಬಿಡು, ಜೀವಕ್ಕೆ ಹಾಯ್ ಅನ್ನಿಸುತ್ತದೆ. ಯಾರು ನೋಡುತ್ತಾರೆ? ಸಾಹೇಬರು ಊಟ ಮಾಡಿ ತೂಕಡಿಸುವ ಹೊತ್ತು ಅದು.

ನನಗೆ ಬಣ್ಣ ಬಂದಿದೆ ಅಂತ ಅತ್ತೆ ಹೇಳುತ್ತಾರೆ. ಸಿನಿಮಾ ಬಿಟ್ಟ ಮೇಲೆ ಅತ್ತೆ, ಅವರ ಗೆಳತಿ, ಹಿಂದಿನ ಸಾಲಿನ ಆ ಗಂಡಸು (ಗಡಿಯಾರ ರಿಪೇರಿ ಮಾಡುತ್ತಾರೆ, ತಮ್ಮ ಕೈಗಡಿಯಾರ ಮಾತ್ರ ನಿಂತಿದೆ), ನಾನು, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಜಗಳ ಆಡುತ್ತೇವೆ. ಅವಳು ಅವನನ್ನು ಕ್ಷಮಿಸಬೇಕಿತ್ತಾ ಬೇಡವಾ? ಇಷ್ಟೇ ವಿಷಯ. ಇದಕ್ಕೆ ಒಂದು ಸಂಜೆ ಪೂರ್ತಿ! ಇದರಿಂದ ಯಾರ ಪ್ರಾಣವೂ ಹೋಗುವುದಿಲ್ಲ, ಉಳಿಯುವುದೂ ಇಲ್ಲ. ಎಷ್ಟು ಸುಖ ಅಂತೀಯಾ. ಆಮೇಲೆ ಮನೆಗೆ ಬಂದು, ಇಷ್ಟು ಸುಖಪಡುವುದಕ್ಕೆ ನಾನೇನು ಮಾಡಿದ್ದೇನೆ ಅಂತ ಕೇಳಿಕೊಳ್ಳುತ್ತೇನೆ.

ಗಿಣಿ


ಆಗಸ್ಟ್ ೨

ಗಿಣಿ,

ಆಫೀಸಿನಲ್ಲಿ ಒಂದು ಅನಾಹುತ ಆಗಿದೆ. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು.

ಹೋದ ವಾರ ಮಧ್ಯಾಹ್ನ ಒಬ್ಬ ಕರೆ ಮಾಡಿದ. ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ, ಉಸಿರಿಲ್ಲ. ಹೊಸಬಳು ಎಲ್ಲ ಸರಿಯಾಗಿಯೇ ಮಾಡಿದಳು. ಗಾಡಿ ಕಳಿಸಿದಳು, ಎದೆ ಒತ್ತುವುದು ಹೇಗೆ ಅಂತ ಹೇಳಿಕೊಟ್ಟಳು, ಅವನ ಜೊತೆ ತಾನೂ ಎಣಿಸಿದಳು. ಗಾಡಿ ಬಂತು. ಅವನು ಫೋನನ್ನು ನೆಲದ ಮೇಲೆ ಬಿಟ್ಟು ಬಾಗಿಲು ತೆಗೆಯಲು ಓಡಿದ. ಆಗ ಕತ್ತರಿಸಬೇಕಿತ್ತು. ಅವಳು ಕತ್ತರಿಸಲಿಲ್ಲ. ಕೇಳುತ್ತಾ ಕೂತಳು. ಆ ಹೆಂಗಸು ಕೆಮ್ಮಿದ್ದು ಕೇಳಿಸಿತು. ಅವನು ಅಳುತ್ತಾ ನಗುತ್ತಾ, "ಹೆದರಿಸಿಬಿಟ್ಟೆಯಲ್ಲೇ ಗೂಬೆ, ಗೂಬೆ" ಅಂತ ಹೇಳುತ್ತಲೇ ಇದ್ದ. ಅವರನ್ನು ಗಾಡಿಗೆ ಹತ್ತಿಸಿ ಮನೆಯ ಬಾಗಿಲು ಹಾಕುವ ತನಕ ಕೇಳಿದಳು.

ಅಷ್ಟರಲ್ಲಿ ಇನ್ನೊಂದು ಕರೆ ಕಾಯುತ್ತಿತ್ತು. ಉಳಿದ ಕುರ್ಚಿಯವರೆಲ್ಲ ಬೇರೆ ಕರೆಯಲ್ಲಿದ್ದರು. ವಯಸ್ಸಾದ ಹೆಂಗಸು, ಗಂಡ ಸ್ನಾನದ ಕೋಣೆಯಲ್ಲಿ ಬಿದ್ದಿದ್ದಾರೆ. ಕಾದು ಕಾದು ಫೋನ್ ಇಟ್ಟುಬಿಟ್ಟರು. ಮತ್ತೆ ಮಾಡಿದರು. ಗಾಡಿ ಹೋಯಿತು, ತಡವಾಗಿ. ಆ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ, ಒಂದು ಪಕ್ಕ ಬಿದ್ದುಹೋಗಿದೆಯಂತೆ. ತಡವಾಗಿದ್ದಕ್ಕೇ ಹೀಗಾಯಿತೋ, ಮೊದಲೇ ಆಗಿತ್ತೋ ಡಾಕ್ಟರಿಗೂ ಗೊತ್ತಿಲ್ಲ.

ವಿಚಾರಣೆ ನಡೆಯುತ್ತಿದೆ.

ದೊಡ್ಡಮ್ಮ


ಆಗಸ್ಟ್ ೮

ದೊಡ್ಡಮ್ಮಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಾನು ತಮಾಷೆಗೆ ಬರೆದದ್ದನ್ನು ನೀನು ನಿಜವಾಗಿಯೂ ಅವಳಿಗೆ ಹೇಳಿದೆಯಾ? ದಯವಿಟ್ಟು ಇಲ್ಲ ಅನ್ನು. ಹೇಳಿದ್ದರೂ, ಬುದ್ಧಿ ಇರುವವರು ಯಾರಾದರೂ ಹಾಗೆ ಮಾಡುತ್ತಾರಾ? ತರಬೇತಿಯ ಮೊದಲ ದಿನವೇ ಹೇಳುವ ಮಾತಲ್ಲವಾ ಅದು? ಆ ಮುದುಕಿ ಫೋನ್ ಹಿಡಿದುಕೊಂಡು ನಿಂತಿದ್ದನ್ನು ನೆನೆಸಿಕೋ. ಇಂಥವರು ಆ ಕುರ್ಚಿಯಲ್ಲಿ ಕೂರಬಾರದು. ಕೈಲಾಗದಿದ್ದರೆ ನನ್ನ ಹಾಗೆ ಎದ್ದು ಹೋಗಬೇಕಿತ್ತು. ನೀನು ಮೆತ್ತಗೆ ಮಾತಾಡಬೇಡ, ಸಾಹೇಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಅವಳನ್ನು ತೆಗೆಸು.

ಇಷ್ಟೆಲ್ಲ ಬರೆದು ಓದಿದರೆ ನನಗೇ ಅಸಹ್ಯವಾಗುತ್ತಿದೆ. ಆವತ್ತು ಆ ಹೊತ್ತಿಗೆ ನಾನು ಎಲ್ಲಿದ್ದೆ? ಟಾಕೀಸಿನಲ್ಲಿ. ಆದರೂ ಕಾಗದ ಹರಿಯುವುದಿಲ್ಲ, ಹೀಗೇ ಕಳಿಸುತ್ತೇನೆ.

ಗಿಣಿ


ಆಗಸ್ಟ್ ೨೧

ಗಿಣಿ,

ಹೊಸಬಳು ಅಂತ ಯಾರೂ ಬಂದಿಲ್ಲ. ಎರಡು ಗಂಟೆಗೆ ನಾನು ಆ ಕುರ್ಚಿಯಿಂದ ಏಳುವುದಿಲ್ಲ, ಅಷ್ಟೇ.

ನಿನಗೆ ಬದಲಿ ಸಿಗದಿದ್ದರೆ ರಜೆ ಇಲ್ಲ ಅಂದಾಗ ಸಾಹೇಬರ ಕೋಣೆಗೆ ಹೋಗಿ, ಅವಳ ಪಾಳಿಯೂ ನನಗೇ ಇರಲಿ ಅಂದೆ. ಅವರಿಗೆ ಬೇಕಾಗಿದ್ದೂ ಅದೇ. ಯಾರಿದ್ದಾರೆ ಅಂತ ನೀನು ಕೇಳಿದಾಗ ನಿಜ ಬರೆದಿದ್ದರೆ ಮಾರನೆಯ ದಿನವೇ ನೀನು ಬಸ್ ಹತ್ತುತ್ತಿದ್ದೆ. ನಿನ್ನ ಗಂಟಲು ಕಟ್ಟಿದ್ದನ್ನು ಕಣ್ಣಾರೆ ನೋಡಿದವಳು ನಾನು. ಅದಕ್ಕೇ ಒಬ್ಬಳನ್ನು ಹುಟ್ಟಿಸಿದೆ. ಆಮೇಲೆ ಅವಳಿಂದ ಅನುಕೂಲವೇ ಆಯಿತು. ನನ್ನ ಬಗ್ಗೆ ನಾನು ಹೇಳಿಕೊಳ್ಳಲಾರದ್ದನ್ನೆಲ್ಲ ಅವಳ ತಲೆಗೆ ಕಟ್ಟಿದೆ. ಅನ್ನಕ್ಕೆ ಉಪ್ಪು ಮರೆತವಳು ನಾನು. ಮುಖ ನೋಡಿಕೊಂಡು ಕೂತದ್ದು ನಮ್ಮ ಮನೆಯವರ ಮುಖ. ಪಾಪದ ಮನುಷ್ಯ, ಒಂದು ದಿನ ಎದ್ದು ಹೋಗಿ ಕನ್ನಡಿ ನೋಡಿಕೊಂಡು ಬಂದು, "ನನ್ನ ಮುಖಕ್ಕೆ ಏನಾಗಿದೆಯೇ?" ಅಂತ ಕೇಳಿದರು.

ಲೈನ್ ಕತ್ತರಿಸದೆ ಕೂತವಳೂ ನಾನೇ. ನಿನ್ನ ಮಾತು ಕೇಳಿ ಹಾಗೆ ಮಾಡಿದೆ ಅಂತ ನೀನು ಅಂದುಕೊಳ್ಳುತ್ತೀಯ. ನಿನ್ನ ಕಾಗದ ಚೀಲದಲ್ಲಿತ್ತು, ಹೌದು. ಆದರೆ ಗಿಣಿ, ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳು ನಾನು, ಕೈ ನನ್ನದು. ಅವನು ಅವಳನ್ನು ಗೂಬೆ ಅಂತ ಕರೆದಾಗ ನನಗೆ ಎಷ್ಟು ಸಂತೋಷವಾಯಿತು ಅಂದರೆ, ಇನ್ನೊಂದು ಕರೆ ಕಾಯುತ್ತಿದೆ ಅಂತ ಪಕ್ಕದಲ್ಲಿ ಕೆಂಪು ದೀಪ ಮಿನುಗುತ್ತಿದ್ದರೂ ಕೈ ಹೋಗಲಿಲ್ಲ. ಕಣ್ಣಿಗೆ ಕಂಡಿತು ಕಣೇ. ಇನ್ನೊಂದೇ ಕ್ಷಣ, ಇನ್ನೊಂದೇ ಕ್ಷಣ ಅಂತ ಕೂತೆ. ಇದನ್ನು ವಿಚಾರಣೆಯಲ್ಲೂ ಹೇಳಿಲ್ಲ. ದೀಪ ನೋಡಲಿಲ್ಲ ಅಂದೆ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ನೀನು ನನ್ನನ್ನು ತೆಗೆಸು ಅಂತ ಬರೆದದ್ದು ಸರಿಯಾಗಿಯೇ ಇದೆ, ಅದಕ್ಕೆ ಬೇಜಾರಿಲ್ಲ. 'ನಾವು ಇಷ್ಟು ವರ್ಷ ಮಾಡಲಿಲ್ಲವಾ' ಅಂದೆಯಲ್ಲ, ಅದಕ್ಕೆ ಮಾತ್ರ ಅಳು ಬಂತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸುಸ್ತಾಗಿದೆ ಅಂತ ಇನ್ನು ಹೇಗೆ ಹೇಳಬೇಕಿತ್ತು ನಿನಗೆ?

ದೊಡ್ಡಮ್ಮ


ಆಗಸ್ಟ್ ೨೫

ದೊಡ್ಡಮ್ಮಾ,

ಕರೆಯಲ್ಲಿ ಒಂದು ಉಸಿರಿನ ಏರುಪೇರು ಕೇಳಿ ಕಾಯಿಲೆ ಹೇಳುತ್ತೇನೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದವಳು ನಾನು. ನಿನ್ನ ಮೂರು ಕಾಗದ ಓದಿಯೂ ನನಗೆ ಏನೂ ಕೇಳಿಸಲಿಲ್ಲ. ನೀನು ಬಂಡೆ ಅಂತ ಬರೆದೆನಲ್ಲ, ಹಾಗೆ ಅಂದುಕೊಂಡರೆ ನನಗೆ ಸಲೀಸಾಗಿತ್ತು.

ಬಸ್ಸಿನ ಟಿಕೆಟ್ ತಂದಿದ್ದೇನೆ, ಮುಂದಿನ ಭಾನುವಾರಕ್ಕೆ. ಸೋಮವಾರ ಎರಡು ಗಂಟೆಗೆ ಕುರ್ಚಿಯಲ್ಲಿ ನಾನಿರುತ್ತೇನೆ. ಗಂಟಲು ಸರಿಯಾಗಿದೆ. ಆಗಿಲ್ಲದಿದ್ದರೂ ಆಗುತ್ತದೆ. ಇನ್ನು ಸಿನಿಮಾದ ಹೆಸರು ಎತ್ತುವುದಿಲ್ಲ ಅಂತ ಅತ್ತೆಯ ಮುಂದೆ ಆಣೆ ಮಾಡಿದ್ದೇನೆ. "ಸಿನಿಮಾ ಏನೇ ಮಾಡಿತು ನಿನಗೆ?" ಅಂತ ಅವರು ಸಿಟ್ಟಾದರು. ಸಿಟ್ಟಾಗಲಿ. ನಾನು ನಗುತ್ತಾ ಕೂತ ಒಂದೊಂದು ಮಧ್ಯಾಹ್ನಕ್ಕೂ ನೀನು ಬೆಲೆ ತೆತ್ತಿದ್ದೀಯ. ನಾನು ಅದನ್ನು ತೀರಿಸಬೇಕು.

ಗಿಣಿ


ಆಗಸ್ಟ್ ೨೯

ಗಿಣೀ,

ಟಿಕೆಟ್ ವಾಪಸ್ ಕೊಡು. ಬರಬೇಡ.

ನೀನು ಓಡಿ ಬರುತ್ತೇನೆ ಅಂದದ್ದು ಓದಿ ಮೊದಲು ಕಣ್ಣು ತುಂಬಿತು, ಆಮೇಲೆ ಮೈಯೆಲ್ಲ ಉರಿಯಿತು. ನೀನು ಬಂದರೆ ನಿನ್ನ ಮನಸ್ಸು ಹಗುರಾಗುತ್ತದೆ. ನನಗೇನಾಗುತ್ತದೆ? ಎರಡು ತಿಂಗಳು ಬಿಟ್ಟು ನಿನ್ನ ತಲೆಯಿಂದ ಮತ್ತೆ ಹೆಡ್‌ಫೋನ್ ಕಿತ್ತುಕೊಳ್ಳುವ ಕೆಲಸ ನನ್ನ ಪಾಲಿಗೆ. ಬೇಡ ತಾಯಿ. ನಿನಗಾಗಿ ನಾನು ಇಷ್ಟು ಮಾಡಿದ್ದೂ ಪೂರಾ ನಿನಗಾಗಿ ಅಲ್ಲ. ನಾನಿಲ್ಲದಿದ್ದರೆ ಈ ಊರು ಉಸಿರಾಡುವುದೇ ಇಲ್ಲ ಅನ್ನುವ ಒಂದು ಕೊಬ್ಬು ಇತ್ತು ನನಗೆ. ದೊಡ್ಡಮ್ಮ ಅಂತ ಕರೆಸಿಕೊಂಡು ಕರೆಸಿಕೊಂಡು ಬಂದ ಕೊಬ್ಬು.

ಮೊನ್ನೆ ಮಧ್ಯಾಹ್ನ ಎರಡು ಗಂಟೆಗೆ ಕುರ್ಚಿಯಿಂದ ಎದ್ದೆ. "ಎಲ್ಲಿಗಮ್ಮಾ?" ಅಂದರು ಸಾಹೇಬರು. ಮನೆಗೆ ಅಂದೆ. "ಲೈನ್ ಯಾರು ಎತ್ತುತ್ತಾರೆ?" ಅಂದರು. ಗೊತ್ತಿಲ್ಲ ಸಾರ್ ಅಂದೆ. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕರೆ ಬಂತು. ಕಾಲು ತಿರುಗಿತು, ನಿಜ ಹೇಳುತ್ತೇನೆ. ಸಾಹೇಬರೇ ಕುರ್ಚಿಯಲ್ಲಿ ಕೂತು ಹೆಡ್‌ಫೋನನ್ನು ತಲೆಕೆಳಗಾಗಿ ಹಾಕಿಕೊಂಡರು. ನಾನು ಅದನ್ನು ಸರಿಮಾಡಿ ಹಾಕಿ ಹೊರಗೆ ಬಂದೆ. ಮೆಟ್ಟಿಲಿನ ಮೇಲೆ ಕೂತೆ. ಸಂಜೆ ಹೋಗಿ, ಕೆಂಪು ದೀಪ ಕಂಡಿದ್ದನ್ನೂ ಬರೆದುಕೊಟ್ಟೆ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ಮುಂದೆ ಕೆಲಸ ಇರುತ್ತದೋ ಇಲ್ಲವೋ. ಎರಡೂ ಪಾಳಿಗೆ ಜನ ಹುಡುಕುತ್ತಿದ್ದಾರಂತೆ, ಇಷ್ಟು ದಿನ ಸಿಗದವರು.

ಆ ವಯಸ್ಸಾದ ದಂಪತಿಗಳನ್ನು ನೋಡಲು ಆಸ್ಪತ್ರೆಯ ತನಕ ಹೋದೆ. ಒಳಗೆ ಹೋಗುವ ಧೈರ್ಯವಾಗಲಿಲ್ಲ. ನಾನು ಮಾಡಿದ್ದು ನನ್ನ ಜೊತೆಯೇ ಇರುತ್ತದೆ, ಎಲ್ಲಿ ಹೋದರೂ.

ನಿನ್ನ ಅತ್ತೆಯ ಮನೆಯಲ್ಲಿ ಇನ್ನೊಂದು ಹಾಸಿಗೆ ಹಾಸುವಷ್ಟು ಜಾಗ ಇದೆಯಾ? ನಮ್ಮ ಮನೆಯವರು ಹೋಗಿ ಬಾ ಅಂದಿದ್ದಾರೆ. ನನಗೆ ಸಿನಿಮಾ ಗಿನಿಮಾ ಏನೂ ಬೇಡ. ಬರೀ ಮಲಗಬೇಕು.

ದೊಡ್ಡಮ್ಮ


ಸೆಪ್ಟೆಂಬರ್ ೩

ದೊಡ್ಡಮ್ಮಾ,

ಜಾಗ ಇದೆ. ಅತ್ತೆ ಆಗಲೇ ದಿಂಬನ್ನು ಬಿಸಿಲಿಗೆ ಹಾಕಿದ್ದಾರೆ, ಬಸ್ ಸ್ಟ್ಯಾಂಡಿಗೆ ತಾವೂ ಬರುತ್ತಾರಂತೆ. ಆದರೆ ನೀನು ಹೊರಡುವ ಮೊದಲು ಒಂದು ಮಾತು ಹೇಳಬೇಕು. ಎದುರಿಗೆ ಬಂದ ಮೇಲೆ ನನ್ನ ಕೈಲಿ ಆಗುವುದಿಲ್ಲ.

ನಿನ್ನ ಕಾಗದ ಬಂದಾಗ ಚೀಲ ತುಂಬಿಸುತ್ತಿದ್ದೆ. ಲಕೋಟೆ ಒಡೆದೆ. 'ಬರಬೇಡ' ಅನ್ನುವ ಪದ ಕಂಡಿತು. ಆ ಕ್ಷಣಕ್ಕೆ ನಿನ್ನ ನೆನಪಾಗಲಿಲ್ಲ, ಆಸ್ಪತ್ರೆಯಲ್ಲಿರುವ ಆ ಯಜಮಾನರ ನೆನಪೂ ಆಗಲಿಲ್ಲ. ಸದ್ಯ, ಹೋಗಬೇಕಾಗಿಲ್ಲ ಅನ್ನಿಸಿತು. ಅಷ್ಟೇ ಅನ್ನಿಸಿದ್ದು. ಅಲ್ಲೇ ಮಂಚದ ಮೇಲೆ ಕೂತು ನಕ್ಕುಬಿಟ್ಟೆ, ಜೋರಾಗಿ, ಅತ್ತೆ ಅಡುಗೆಮನೆಯಿಂದ ಓಡಿ ಬರುವಷ್ಟು ಜೋರಾಗಿ. ನಿನ್ನ ಉಳಿದ ಕಾಗದವನ್ನು ಓದಿದ್ದು ಅದಾದ ಮೇಲೆ.

ನೀನು ಬರುತ್ತಿರುವುದು ಇಂಥವಳ ಹತ್ತಿರ. ಗೊತ್ತಿದ್ದೂ ಬರುವುದಾದರೆ ಬಾ. ಬಾ ದೊಡ್ಡಮ್ಮಾ, ಬೇಗ ಬಾ.

ಗಿಣಿ